ಬಹುವ್ಯಕ್ತಿತ್ವ ಕಾಯಿಲೆ: ಚಿಕಿತ್ಸೆ ಫಲ ಕೊಟ್ಟಿತೆಂದು ಹೇಳುವುದು ಯಾವ ಆಧಾರದ ಮೇಲೆ?

‘ಡಾಕ್ಟ್ರೇ, ಅದು ಹೋಯ್ತಾ?’

ಮೂರ್ನಾಲ್ಕು ತಿಂಗಳ ಚಿಕಿತ್ಸೆ ಆದಮೇಲೆ ಮನೆಯವರು ಕೇಳುವುದು ಹೆಚ್ಚುಕಡಿಮೆ ಇದೊಂದೇ ಪ್ರಶ್ನೆ. ‘ಅದು’ ಎಂದರೆ ಸೊಸೆಯ ಬಾಯಿಂದ ಬೇರೆ ದನಿ ಹೊರಡುವುದು, ಮಗಳು ಇದ್ದಕ್ಕಿದ್ದಂತೆ ತಾಯಿಯನ್ನೇ ‘ನೀನ್ಯಾರು’ ಎಂದು ಕೇಳುವುದು. ಎರಡು ವಾರ ಅದು ಕಾಣಿಸದಿದ್ದರೆ ಗುಣವಾಯಿತು. ಮೂರನೆಯ ವಾರ ಕಾಣಿಸಿದರೆ ಮದ್ದು ನಾಟಲಿಲ್ಲ. ಮನೆಯವರು ಮಾತ್ರವಲ್ಲ, ಚಿಕಿತ್ಸೆ ಕೊಡುವವರಲ್ಲೂ ಕೆಲವರು ಇದೇ ಅಳತೆಗೋಲು ಹಿಡಿಯುತ್ತಾರೆ. ಈ ಕಾಯಿಲೆಯ ಮಟ್ಟಿಗೆ ಇದು ತೀರ ಅಪಾಯದ ಅಳತೆಗೋಲು. ಹೊರಗೆ ಕಾಣುವ ಬದಲಾವಣೆ ಕಾಯಿಲೆಯ ಸಣ್ಣ ಭಾಗ. ಹೆಚ್ಚಿನವರು ಅದನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡೇ ಬದುಕುತ್ತಾರೆ. ನಿದ್ದೆಮಾತ್ರೆಯ ಮಂಪರಿನಲ್ಲೂ ಅದು ನಿಲ್ಲುತ್ತದೆ, ಬೈಗುಳದ ಹೆದರಿಕೆಗೂ ನಿಲ್ಲುತ್ತದೆ. ನಿಂತದ್ದನ್ನೆಲ್ಲ ಗುಣ ಎಂದು ಎಣಿಸಿದರೆ ರೋಗಿಗೆ ಅನ್ಯಾಯವಾಗುತ್ತದೆ.

ಹಾಗಾದರೆ ಏನನ್ನು ಅಳೆಯಬೇಕು? ಈ ಚಿಕಿತ್ಸೆ ನಿಜಕ್ಕೂ ಕೆಲಸ ಮಾಡುತ್ತದೆ ಎನ್ನಲು ಜಗತ್ತಿನಲ್ಲಿ ಈವರೆಗೆ ಸಿಕ್ಕಿರುವ ಪುರಾವೆ ಎಷ್ಟು ಗಟ್ಟಿ? ದೊಡ್ಡ ಆಸ್ಪತ್ರೆಗಾಗಿ ಮಣಿಪಾಲ, ಹುಬ್ಬಳ್ಳಿ, ಗೋವಾದ ಬಾಂಬೋಳಿ ಎಂದು ಓಡಾಡುವ ಉತ್ತರ ಕನ್ನಡದಂಥ ಜಿಲ್ಲೆಯಲ್ಲಿ ಆ ಪುರಾವೆಯನ್ನು ಬಳಸಿಕೊಳ್ಳುವುದು ಹೇಗೆ?

ಹೆಸರಿನಲ್ಲೇ ಇರುವ ತೊಡಕು

ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 1980ರಲ್ಲಿ ಇದಕ್ಕೆ ‘ಮಲ್ಟಿಪಲ್ ಪರ್ಸನಾಲಿಟಿ’ ಎಂಬ ಹೆಸರು ಕೊಟ್ಟಿತ್ತು; 1987ರಲ್ಲಿ ಅದಕ್ಕೆ ‘ಡಿಸಾರ್ಡರ್’ ಸೇರಿತು. 1994ರಲ್ಲಿ ಅದನ್ನು ಬದಲಿಸಿ ‘ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್’, ಚಿಕ್ಕದಾಗಿ ಡಿಐಡಿ, ಎಂದಿತು. ಬದಲಾವಣೆಗೆ ಕಾರಣವಿತ್ತು. ಒಬ್ಬರೊಳಗೆ ನಾಲ್ಕು ಜನ ಇದ್ದಾರೆ ಎಂಬುದು ತಪ್ಪು ಕಲ್ಪನೆ. ಒಬ್ಬರೇ ಇದ್ದಾರೆ, ಆದರೆ ಅವರ ನೆನಪು, ಭಾವನೆ, ‘ನಾನು’ ಎಂಬ ಅರಿವು ಒಂದಕ್ಕೊಂದು ಕೊಂಡಿ ಕಳಚಿಕೊಂಡಿವೆ. ಆ ಕಳಚುವಿಕೆಯೇ ಡಿಸೋಸಿಯೇಷನ್. ನಮ್ಮಲ್ಲಿ ‘ಸ್ಪ್ಲಿಟ್ ಪರ್ಸನಾಲಿಟಿ’ ಎಂದು ಹೇಳಿ ಸ್ಕಿಜೋಫ್ರೇನಿಯಾದ ಜೊತೆ ಕಲಸುವುದುಂಟು. ಅದು ಬೇರೆ, ಇದು ಬೇರೆ.

ಅದೇ ಕೈಪಿಡಿಯ 2013ರ ಆವೃತ್ತಿ, ಡಿಎಸ್ಎಂ-5, ಇನ್ನೊಂದು ಮಾತು ಸೇರಿಸಿತು: ಕೆಲವು ಸಂಸ್ಕೃತಿಗಳಲ್ಲಿ ಈ ಕಾಯಿಲೆ ‘ಮೈಮೇಲೆ ಬಂದ’ ರೂಪದಲ್ಲಿ ಕಾಣಬಹುದು. ಆದರೆ ಅದು ಒಪ್ಪಿತ ಧಾರ್ಮಿಕ ಆಚರಣೆಯ ಭಾಗವಾಗಿದ್ದರೆ ಕಾಯಿಲೆ ಅಲ್ಲ. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11 ಇದನ್ನು ಬೇರೆ ರೀತಿ ಪಾಲು ಮಾಡಿದೆ. ಒಳಗಿನದೇ ಬೇರೆ ಬೇರೆ ಗುರುತುಗಳಾದರೆ, ಅಂದರೆ ಬೇರೆ ಬೇರೆ ‘ನಾನು’ಗಳಾದರೆ, ಡಿಐಡಿ. ದೆವ್ವ, ದೇವರು, ಸತ್ತವರು ಹೀಗೆ ಹೊರಗಿನಿಂದ ಬಂದದ್ದು ಹಿಡಿದುಕೊಂಡಿದೆ ಎಂಬ ಅನುಭವವಾದರೆ ಅದಕ್ಕೆ ಪ್ರತ್ಯೇಕ ರೋಗನಾಮ.

ಇದು ಬರೀ ಕಾಗದದ ಜಗಳ ಅಲ್ಲ. ಶಿರಸಿ ಸೀಮೆಯಲ್ಲಿ ಒಬ್ಬ ಹೆಣ್ಣುಮಗಳಿಗೆ ವಾರಕ್ಕೆರಡು ಸಲ ಸತ್ತ ಅತ್ತೆ ಮೈಮೇಲೆ ಬರುತ್ತಾಳೆ, ಆ ಹೊತ್ತಿನದು ಒಂದೂ ನೆನಪಿರುವುದಿಲ್ಲ ಎಂದಿಟ್ಟುಕೊಳ್ಳಿ. ಒಂದು ಕೈಪಿಡಿಯ ಪ್ರಕಾರ ಆಕೆಗೆ ಡಿಐಡಿ ಇರಬಹುದು, ಇನ್ನೊಂದರ ಪ್ರಕಾರ ಬೇರೆಯದೇ ಕಾಯಿಲೆ. ಡಿಐಡಿ ಚಿಕಿತ್ಸೆಯ ಅಧ್ಯಯನಗಳಲ್ಲಿ ಇದ್ದವರು ಬಹುಪಾಲು ಪಾಶ್ಚಾತ್ಯ ದೇಶಗಳ ಮಹಿಳೆಯರು. ತಮ್ಮ ಗುರುತುಗಳನ್ನು ಒಳಗಿನವು ಎಂದೇ ಹೇಳಿಕೊಂಡವರು. ಆ ಫಲಿತಾಂಶ ಈಕೆಗೂ ಹಾಗೇ ಹೊಂದುತ್ತದೆ ಎಂದು ನಂಬಲು ಆಧಾರವಿಲ್ಲ. ಭಾರತದ ದಾಖಲೆಯೂ ಇಲ್ಲಿ ಹೆಚ್ಚು ನೆರವಾಗದು. 1989ರಲ್ಲಿ ಆದಿತ್ಯಾಂಜಿ ಮತ್ತು ಸಂಗಡಿಗರು ಭಾರತದ ಸ್ಥಿತಿಯ ಬಗ್ಗೆ ಬರೆದಾಗ ಅವರ ಕೈಯಲ್ಲಿ ಇದ್ದದ್ದು ಮೂರು ಪ್ರಕರಣಗಳ ವಿವರ. ಬೆಂಗಳೂರಿನ ನಿಮ್ಹಾನ್ಸ್‌ನ ಹತ್ತು ವರ್ಷಗಳ ದಾಖಲೆ ಪರಿಶೀಲಿಸಿ 2010ರಲ್ಲಿ ಬಂದ ಲೇಖನದಲ್ಲಿ ಡಿಸೋಸಿಯೇಟಿವ್ ಕಾಯಿಲೆಯವರು 893 ಮಂದಿ. ಅವರಲ್ಲಿ ಹೆಚ್ಚಿನವರಿಗೆ ಇದ್ದದ್ದು ಕೈಕಾಲು ಸೋಲುವ ಅಥವಾ ಫಿಟ್ಸ್‌ನಂತೆ ಕಾಣುವ ತೊಂದರೆ.

ಮಾರಿಕಾಂಬಾ ಜಾತ್ರೆಯಲ್ಲೋ ಊರ ದೇವಸ್ಥಾನದ ದರ್ಶನದಲ್ಲೋ ಮೈಮೇಲೆ ಬಂದು, ಕೆಲಸ ಮುಗಿದ ಮೇಲೆ ನೀರು ಕುಡಿದು ಮನೆಗೆ ಹೋಗಿ ಮರುದಿನ ತೋಟಕ್ಕೆ ಇಳಿಯುವವರಿಗೆ ಚಿಕಿತ್ಸೆಯ ಮಾತೇ ಬೇಕಿಲ್ಲ. ಬೇಡವೆಂದರೂ ಬರುವುದು, ಅಡುಗೆಮನೆಯಲ್ಲೂ ಬಸ್ಸಿನಲ್ಲೂ ಬರುವುದು, ಬಂದು ಹೋದಮೇಲೆ ಆಳು ಜರ್ಜರಿತವಾಗುವುದು, ದಿನದ ಬದುಕು ಕೆಡುವುದು: ಇವೇ ವ್ಯತ್ಯಾಸ. ಇದರ ಜೊತೆಗೆ ಮೂರ್ಛೆರೋಗ, ಕುಡಿತದ ಮರೆವು, ಬೈಪೋಲಾರ್, ಸ್ಕಿಜೋಫ್ರೇನಿಯಾ ಇವುಗಳನ್ನು ತಳ್ಳಿಹಾಕಿರಬೇಕು. ಮೊದಲ ಹೆಜ್ಜೆಯಲ್ಲೇ ರೋಗ ತಪ್ಪಾಗಿ ಗುರುತಾದರೆ ಮುಂದಿನ ಯಾವ ಅಂಕಕ್ಕೂ ಬೆಲೆಯಿಲ್ಲ. ಮೂರ್ಛೆರೋಗದವರಿಗೆ ಎರಡು ವರ್ಷ ಮಾತಿನ ಚಿಕಿತ್ಸೆ ಕೊಟ್ಟು ‘ಡಿಐಡಿ ಚಿಕಿತ್ಸೆ ಫಲಿಸಲಿಲ್ಲ’ ಎಂದು ಬರೆದರೆ ಆ ವಾಕ್ಯಕ್ಕೆ ಅರ್ಥವೇನು?

ಕೈಯಲ್ಲಿರುವ ಪುರಾವೆ

ಇವತ್ತು ಡಿಐಡಿಗೆ ಒಪ್ಪಿತವಾದ ಚಿಕಿತ್ಸೆ ಮಾತಿನ ಚಿಕಿತ್ಸೆ, ಮೂರು ಹಂತಗಳದ್ದು. ಮೊದಲು ಸುರಕ್ಷತೆ ಮತ್ತು ಸ್ಥಿರತೆ: ತನಗೆ ತಾನೇ ಗಾಯ ಮಾಡಿಕೊಳ್ಳುವುದು ನಿಲ್ಲಬೇಕು, ನಿದ್ದೆ ಬರಬೇಕು, ಭಾವನೆಯ ಉಕ್ಕನ್ನು ತಡೆದುಕೊಳ್ಳುವ ಉಪಾಯ ಕಲಿಯಬೇಕು. ಆಮೇಲೆ ಆಘಾತದ ನೆನಪುಗಳನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುವುದು. ಕೊನೆಗೆ ಬೇರ್ಪಟ್ಟದ್ದನ್ನು ಒಂದುಗೂಡಿಸಿ ಬದುಕು ಮತ್ತೆ ಕಟ್ಟಿಕೊಳ್ಳುವುದು. ಈ ಕ್ರಮದ ಬೇರು ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಪಿಯರ್ ಜಾನೆ ಅವರಲ್ಲಿದೆ. ಆಘಾತ ಮತ್ತು ಡಿಸೋಸಿಯೇಷನ್ ಅಧ್ಯಯನದ ಅಂತಾರಾಷ್ಟ್ರೀಯ ಸಂಘದ ಮಾರ್ಗಸೂಚಿಯ ಮೂರನೆಯ ಆವೃತ್ತಿ 2011ರಲ್ಲಿ ಬಂತು. ಡಿಐಡಿಗೆಂದೇ ಅನುಮೋದನೆ ಪಡೆದ ಮಾತ್ರೆ ಯಾವುದೂ ಇಲ್ಲ. ಬರೆದುಕೊಡುವ ಮಾತ್ರೆಗಳು ಜೊತೆಗಿರುವ ಖಿನ್ನತೆ, ಆತಂಕ, ನಿದ್ರಾಹೀನತೆಗೆ.

ಈ ಚಿಕಿತ್ಸೆ ಫಲಿಸುತ್ತದೆಯೇ? 2009ರಲ್ಲಿ ಬೆಥನಿ ಬ್ರ್ಯಾಂಡ್ ಮತ್ತು ಸಂಗಡಿಗರು ಡಿಸೋಸಿಯೇಟಿವ್ ಕಾಯಿಲೆಗಳ ಅಧ್ಯಯನಗಳನ್ನು ಒಟ್ಟುಹಾಕಿದರು. ಲೆಕ್ಕಕ್ಕೆ ಒದಗಿದ ಎಂಟು ಅಧ್ಯಯನಗಳ ಸರಾಸರಿ ಪರಿಣಾಮದ ಗಾತ್ರ (ಬದಲಾವಣೆ ಎಷ್ಟು ದೊಡ್ಡದು ಎಂಬುದರ ಅಳತೆ) 0.71. ಮನೋಚಿಕಿತ್ಸೆಯ ಜಗತ್ತಿನಲ್ಲಿ ಇದು ಮಧ್ಯಮಕ್ಕಿಂತ ಸ್ವಲ್ಪ ಮೇಲಿನ ಅಂಕ. ಆದರೆ ಇದು ಚಿಕಿತ್ಸೆಗೆ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬ ಹೋಲಿಕೆ ಮಾತ್ರ. ಚಿಕಿತ್ಸೆ ಸಿಗದ ಇನ್ನೊಂದು ಗುಂಪು ಪಕ್ಕದಲ್ಲಿ ಇರಲಿಲ್ಲ. ಜನ ಆಸ್ಪತ್ರೆಗೆ ಬರುವುದು ಸಾಮಾನ್ಯವಾಗಿ ಸ್ಥಿತಿ ತೀರ ಕೆಟ್ಟಾಗ; ತೀರ ಕೆಟ್ಟದ್ದು ಯಾರೂ ಏನೂ ಮಾಡದಿದ್ದರೂ ಕೆಲವು ತಿಂಗಳಲ್ಲಿ ತುಸು ಇಳಿಯುತ್ತದೆ. ಆ ಇಳಿತವೂ 0.71ರ ಒಳಗೆ ಸೇರಿದೆ. ಎಷ್ಟು ಪಾಲು ಎಂದು ಆ ಅಧ್ಯಯನಗಳಿಂದ ಬಿಡಿಸಲಾಗದು.

ಅದಾದಮೇಲೆ ಇದೇ ತಂಡ 19 ದೇಶಗಳ 280 ರೋಗಿಗಳನ್ನೂ 292 ಚಿಕಿತ್ಸಕರನ್ನೂ ಸೇರಿಸಿ 30 ತಿಂಗಳ ಅಧ್ಯಯನ ಮಾಡಿತು. ಡಿಸೋಸಿಯೇಷನ್, ಆಘಾತದ ಲಕ್ಷಣಗಳು, ಸ್ವಯಂ ಗಾಯ, ಆಸ್ಪತ್ರೆ ಸೇರುವಿಕೆ ಇಳಿದಿದ್ದವು. ಇಲ್ಲೂ ಹೋಲಿಕೆಯ ಗುಂಪು ಇಲ್ಲ. ನಡುವೆ ಬಿಟ್ಟುಹೋದವರು ಕಡಿಮೆಯಿಲ್ಲ.

ಬಿಟ್ಟುಹೋದವರ ಲೆಕ್ಕ ಎಷ್ಟು ಮುಖ್ಯ ಎಂಬುದಕ್ಕೆ ಹಳೆಯದೊಂದು ಅಧ್ಯಯನ ಸಾಕು. ಎಲಾಸನ್ ಮತ್ತು ರಾಸ್ 1997ರಲ್ಲಿ ಪ್ರಕಟಿಸಿದ್ದು. ಆಸ್ಪತ್ರೆಯಲ್ಲಿದ್ದ 135 ರೋಗಿಗಳ ಪೈಕಿ ಎರಡು ವರ್ಷದ ನಂತರ ಮರುಪರೀಕ್ಷೆಗೆ ಸಿಕ್ಕಿದವರು 54. ಅವರಲ್ಲಿ ಗುರುತುಗಳು ಪೂರ್ತಿ ಒಂದಾಗಿದ್ದವರು 12. ಇದನ್ನು 54ರಲ್ಲಿ 12 ಎಂದು ಓದಿದರೆ ನೂರಕ್ಕೆ 22. ಸಿಗದ 81 ಮಂದಿಯಲ್ಲಿ ಒಬ್ಬರೂ ಆ ಮಟ್ಟ ಮುಟ್ಟಲಿಲ್ಲ ಎಂದಿಟ್ಟರೆ ನೂರಕ್ಕೆ 9. ಸತ್ಯ ಈ ಎರಡರ ನಡುವೆ ಎಲ್ಲೋ ಇರಬಹುದು, ಸಿಗದವರು ಗುಣವಾದದ್ದಕ್ಕೇ ಬರಲಿಲ್ಲವಾದರೆ ಮೇಲೂ ಇರಬಹುದು. ಯಾವ ಆಸ್ಪತ್ರೆಯೇ ಆಗಲಿ, ತನ್ನ ಯಶಸ್ಸಿನ ಅಂಕ ಹೇಳುವಾಗ ಶುರುವಿನಲ್ಲಿ ಎಷ್ಟು ಜನ ಇದ್ದರು ಎಂದು ಹೇಳದಿದ್ದರೆ ಆ ಅಂಕವನ್ನು ಪಕ್ಕಕ್ಕಿಡಿ.

ಗುಂಪುಗಳನ್ನು ಚೀಟಿ ಎತ್ತಿದ ಹಾಗೆ ಹಂಚಿ ಹೋಲಿಸುವ ಪ್ರಯೋಗಗಳು ತೀರ ಈಚೆಗಿನವು, ಬೆರಳೆಣಿಕೆಯವು. ನಾರ್ವೆಯ ಬೆಕೆಲುಂಡ್ ತಂಡದ 2022ರ ಪ್ರಯೋಗದಲ್ಲಿ 59 ಜನ. ಒಂದು ಪಂಗಡಕ್ಕೆ ಒಬ್ಬೊಬ್ಬರಿಗೆ ನಡೆಯುವ ಚಿಕಿತ್ಸೆಯ ಜೊತೆ 20 ಸಲ ಗುಂಪು ಚಿಕಿತ್ಸೆ, ಇನ್ನೊಂದಕ್ಕೆ ಅದಿಲ್ಲ. ಗುಂಪು ಚಿಕಿತ್ಸೆ ಮುಗಿಯುವ ಹೊತ್ತಿಗೆ ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ; ಮುಗಿದ ನಂತರದ ತಿಂಗಳುಗಳಲ್ಲಿ ಗುಂಪಿಗೆ ಹೋದವರ ದಿನದ ಬದುಕು ತುಸು ಸುಧಾರಿಸಿತ್ತು. ಇಂಥ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸುವುದೇ ಈ ಕ್ಷೇತ್ರಕ್ಕೆ ಬೇಕಾದ ಆರೋಗ್ಯ. ಅದನ್ನು ಸೋಲು ಎಂದು ಓದಬಾರದು: ಎರಡೂ ಪಂಗಡಗಳಿಗೆ ಮೂಲ ಚಿಕಿತ್ಸೆ ಸಿಗುತ್ತಲೇ ಇತ್ತು. ಪ್ರಶ್ನೆ ಇದ್ದದ್ದು ಮೇಲಿಂದ ಸೇರಿಸಿದ್ದು ಹೆಚ್ಚಿನ ಲಾಭ ಕೊಟ್ಟಿತೇ ಎಂಬುದು.

ಇನ್ನೊಂದು ಕಡೆಯವರ ವಾದವನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಸ್ಪಾನೋಸ್, ಲಿಲಿಯೆನ್‌ಫೆಲ್ಡ್ ಮೊದಲಾದವರು ಹೇಳಿದ್ದು: ಚಿಕಿತ್ಸಕರ ಸೂಚನೆ ಮತ್ತು ಸುತ್ತಲಿನ ಕಥೆಗಳೇ ಹಲವರಲ್ಲಿ ಈ ಗುರುತುಗಳನ್ನು ಬೆಳೆಸುತ್ತವೆ. 1980, 90ರ ದಶಕಗಳ ಅಮೆರಿಕದಲ್ಲಿ ಸಂಮೋಹನ ಬಳಸಿ ನೆನಪು ಕೆದಕಿದ ಕಡೆಗಳಲ್ಲಿ ಗುರುತುಗಳ ಸಂಖ್ಯೆ ಏರುತ್ತ ಹೋದದ್ದು ದಾಖಲಾಗಿದೆ. ಬಾಲ್ಯದ ಆಘಾತವೇ ಕಾಯಿಲೆಯ ಮೂಲ ಎಂದು ಒಪ್ಪುವವರಿಗೂ ಇದರಿಂದ ಕಲಿಯುವುದಿದೆ. ಚಿಕಿತ್ಸೆ ಶುರುವಾದ ಮೇಲೆ ಹೊಸ ಹೊಸ ಹೆಸರುಗಳು ಏರುತ್ತಿದ್ದು, ಬದುಕು ಮಾತ್ರ ಇಳಿಯುತ್ತಿದ್ದರೆ ಅದನ್ನು ಚಿಕಿತ್ಸೆಯಿಂದ ಆಗುತ್ತಿರುವ ಹಾನಿ ಎಂದೇ ಮೊದಲು ಅನುಮಾನಿಸಬೇಕು.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯ: ಹಂತಹಂತದ ಚಿಕಿತ್ಸೆ ಪಡೆದವರಲ್ಲಿ ಸುಧಾರಣೆ ಕಾಣುತ್ತದೆ ಎಂಬುದು ಮೇಲಿಂದ ಮೇಲೆ ಬಂದಿರುವ ಸಂಗತಿ. ಅದರಲ್ಲಿ ಚಿಕಿತ್ಸೆಯ ಪಾಲು ಎಷ್ಟು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಹಾಗಾಗಿ ಒಬ್ಬೊಬ್ಬ ರೋಗಿಯಲ್ಲೂ ಅಳತೆ ಇಟ್ಟುಕೊಂಡೇ ಮುಂದುವರಿಯಬೇಕು. ‘ಹೊರಗಿನ ಅಧ್ಯಯನ ಹೇಳಿದೆ’ ಎಂಬುದರ ಮೇಲೆ ಭಾರ ಹಾಕಿ ಕೂರುವಂತಿಲ್ಲ.

ಹತ್ತು ಅಡಿಕೆ

ಡಿಸೋಸಿಯೇಷನ್ ಅಳೆಯಲು ಹೆಚ್ಚು ಬಳಕೆಯಲ್ಲಿರುವ ಮಾಪಕ ‘ಡಿಸೋಸಿಯೇಟಿವ್ ಎಕ್ಸ್‌ಪೀರಿಯೆನ್ಸಸ್ ಸ್ಕೇಲ್’, ಚಿಕ್ಕದಾಗಿ ಡಿಇಎಸ್. ಬರ್ನ್‌ಸ್ಟೈನ್ ಮತ್ತು ಪಟ್ನಂ 1986ರಲ್ಲಿ ಸಿದ್ಧಪಡಿಸಿದ್ದು, 28 ಪ್ರಶ್ನೆ. ಪ್ರತಿಯೊಂದಕ್ಕೂ ‘ನೂರಕ್ಕೆ ಎಷ್ಟು ಸಲ’ ಎಂದು ಉತ್ತರ. 28ರ ಸರಾಸರಿಯೇ ಅಂಕ, 0ಯಿಂದ 100. ಸಾಮಾನ್ಯವಾಗಿ 30 ದಾಟಿದರೆ ವಿವರವಾದ ಸಂದರ್ಶನಕ್ಕೆ ಕಳಿಸುತ್ತಾರೆ. 30 ದಾಟಿತೆಂದರೆ ಡಿಐಡಿ ಎಂದಲ್ಲ. ಸಂದರ್ಶನವಿಲ್ಲದೆ ರೋಗ ತೀರ್ಮಾನಿಸುವಂತಿಲ್ಲ.

ಈ ಮಾಪಕವನ್ನು ಇಲ್ಲಿ ತಂದಾಗ ಮೂರು ಕಡೆ ಕೆಡುತ್ತದೆ. ಮೊದಲನೆಯದು ಪ್ರತಿಶತ. ಕುಮಟಾ, ಹೊನ್ನಾವರದ ಕಡೆಯ ಓದು ಕಡಿಮೆಯಿರುವ ಹೆಂಗಸಿಗೆ ‘ನೂರಕ್ಕೆ ಎಷ್ಟು’ ಎಂಬುದು ಬಾಯಿಗೆ ಬಂದ ಅಂಕ ಹೇಳಿಸುತ್ತದೆ. 1993ರ ಪರಿಷ್ಕೃತ ರೂಪದಲ್ಲಿ ಉತ್ತರ ಹತ್ತರ ಮೆಟ್ಟಿಲುಗಳಲ್ಲಿದೆ: 0, 10, 20 ಹೀಗೆ. ಅಂದರೆ ಮೇಜಿನ ಮೇಲೆ ಹತ್ತು ಅಡಿಕೆ ಇಟ್ಟು ಕೇಳಬಹುದು: ‘ಅಕ್ಕಾ, ಕಪಾಟಿನಲ್ಲಿ ನೀವು ತಂದ ನೆನಪೇ ಇಲ್ಲದ ಸಾಮಾನು ಸಿಗ್ತದೆ ಅಂದ್ರಲ್ಲ. ಯಾವಾಗ್ಲೂ ಹಾಗೇ ಆಗ್ತಿದ್ರೆ ಹತ್ತೂ ಅಡಿಕೆ ಈಚೆ ಸರಿಸಿ. ಯಾವತ್ತೂ ಇಲ್ಲ ಅಂದ್ರೆ ಒಂದೂ ಬೇಡ. ಈಗ ನಿಮ್ಗೆ ಎಷ್ಟು?’ ಕೈ ಮೂರು ಅಡಿಕೆ ಸರಿಸಿ, ತಡೆದು, ಒಂದನ್ನು ಹಿಂದಕ್ಕೆ ತಳ್ಳುತ್ತದೆ. ಆ ಒಂದು ಅಡಿಕೆಯ ಯೋಚನೆಯೇ ನಮಗೆ ಬೇಕಾದ ನಿಖರತೆ. ಆದರೆ ಒಮ್ಮೆ ಅಡಿಕೆಯಲ್ಲಿ ಕೇಳಿದರೆ ಕೊನೆಯವರೆಗೂ ಅಡಿಕೆಯಲ್ಲೇ ಕೇಳಬೇಕು. ನಡುವೆ ಕಾಗದಕ್ಕೆ ಬದಲಾದರೆ ಎರಡು ಅಂಕಗಳನ್ನು ಹೋಲಿಸುವ ಹಾಗಿಲ್ಲ.

ಎರಡನೆಯದು ಭಾಷೆ. ಕಾರವಾರದ ಕೊಂಕಣಿ, ಭಟ್ಕಳದ ನವಾಯತಿ, ಹವ್ಯಕರ ಮಾತು, ಹಾಲಕ್ಕಿಗಳ ಮಾತು ಇವೆಲ್ಲ ಇರುವ ಜಿಲ್ಲೆಯಲ್ಲಿ ಪ್ರಶ್ನೆಯನ್ನು ಆಯಾ ಹೊತ್ತಿಗೆ ಬಾಯಿಗೆ ಬಂದಂತೆ ತಿರುಗಿಸಿ ಕೇಳಿದರೆ ಮಾರ್ಚಿನ ಪ್ರಶ್ನೆಯೇ ಬೇರೆ, ಸೆಪ್ಟೆಂಬರಿನದೇ ಬೇರೆ ಆಗುತ್ತದೆ. ಒಬ್ಬರು ಅನುವಾದಿಸಿ, ಮೂಲ ನೋಡದ ಇನ್ನೊಬ್ಬರು ಇಂಗ್ಲಿಷಿಗೆ ಮರಳಿಸಿ, ಎರಡನ್ನೂ ಪಕ್ಕದಲ್ಲಿಟ್ಟು ತಿದ್ದಿ, ಬರೆದಿಟ್ಟ ಮೇಲೆಯೇ ಕೇಳಬೇಕು. ಕೆಲವು ಪ್ರಶ್ನೆಗಳ ಸಂದರ್ಭವೂ ಹೊಂದಬೇಕು. ವಾಹನದಲ್ಲಿ ಹೋಗುವಾಗ ದಾರಿಯ ನಡುವಿನ ಭಾಗ ನೆನಪಿಲ್ಲದಿರುವ ಬಗ್ಗೆ ಒಂದು ಪ್ರಶ್ನೆಯಿದೆ. ದೇವಿಮನೆ ಘಟ್ಟ ಹತ್ತುವಾಗ ಕಿಟಕಿಗೆ ತಲೆಯಾನಿಸಿ ಎಲ್ಲೋ ಕಳೆದುಹೋಗುವುದು ಎಲ್ಲರಿಗೂ ಆಗುವಂಥದು. ಇಂಥ ಸಹಜ ಮೈಮರೆವಿನ ಪ್ರಶ್ನೆಗಳೂ ಡಿಇಎಸ್‌ನಲ್ಲಿ ಬೆರೆತಿವೆ. ಆದ್ದರಿಂದಲೇ 28ರ ಸರಾಸರಿ ಒಂದನ್ನೇ ನೋಡದೆ, ಗಂಭೀರ ಲಕ್ಷಣಗಳನ್ನು ಹಿಡಿಯುವ ಎಂಟು ಪ್ರಶ್ನೆಗಳ ಉಪಮಾಪಕವನ್ನೂ ನೋಡುವುದು ಒಳ್ಳೆಯದು.

ಮೂರನೆಯದನ್ನು ಬಹಳ ಜನ ಗಮನಿಸುವುದಿಲ್ಲ. ಡಿಇಎಸ್ ‘ಯಾವ ಅವಧಿಯಲ್ಲಿ’ ಎಂದು ಕೇಳುವುದೇ ಇಲ್ಲ. ಚಿಕಿತ್ಸೆಯ ಫಲ ನೋಡಲು ಬಳಸುವುದಾದರೆ ‘ಕಳೆದ ಒಂದು ತಿಂಗಳಲ್ಲಿ’ ಎಂದು ಸೇರಿಸಿ, ಹಾಗೆ ಸೇರಿಸಿದ್ದನ್ನು ದಾಖಲೆಯಲ್ಲಿ ಬರೆದು, ಪ್ರತಿ ಸಲವೂ ಹಾಗೆಯೇ ಕೇಳಬೇಕು.

ಇನ್ನು ಎಷ್ಟು ಇಳಿದರೆ ಇಳಿಯಿತು ಎನ್ನಬಹುದು? ಜೇಕಬ್‌ಸನ್ ಮತ್ತು ಟ್ರುವಾಕ್ಸ್ 1991ರಲ್ಲಿ ಕೊಟ್ಟ ಸೂತ್ರ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದೇ ವ್ಯಕ್ತಿ ಏನೂ ಬದಲಾಗದೆ ಮತ್ತೆ ಉತ್ತರಿಸಿದಾಗ ಅಂಕ ಎಷ್ಟು ಹೊಂದುತ್ತದೆ ಎಂಬುದರ ಅಳತೆ, ಡಿಇಎಸ್‌ನ ಮೂಲ ಲೇಖನದಲ್ಲಿ, 0.84. ರೋಗಿಗಳ ಅಂಕಗಳ ಹರಡುವಿಕೆ (ಸ್ಟ್ಯಾಂಡರ್ಡ್ ಡೀವಿಯೇಷನ್) 18 ಎಂದು ಹಿಡಿಯೋಣ. 1ರಿಂದ 0.84 ಕಳೆದರೆ 0.16, ಅದರ ವರ್ಗಮೂಲ 0.4, 18ರಿಂದ ಗುಣಿಸಿದರೆ 7.2. ಎರಡು ಸಲದ ಅಳತೆಯ ತಪ್ಪು ಸೇರುವುದರಿಂದ 1.41ರಿಂದ ಗುಣಿಸಿದರೆ 10.2. ಇದರ 1.96 ಪಟ್ಟು ಸುಮಾರು 20. ಅಂದರೆ 48 ಇದ್ದ ಅಂಕ 38ಕ್ಕೆ ಇಳಿದರೆ ಸಂತೋಷಪಡಬಹುದು, ಗುಣವಾಗುತ್ತಿದೆ ಎಂದು ಒಂದೇ ಅಳತೆಯಿಂದ ಸಾರಲಾಗದು. ಆ ಹತ್ತು ಅಂಕ ಅಳತೆಯ ಅಲುಗಾಟವೇ ಇರಬಹುದು. 48ರಿಂದ 26ಕ್ಕೆ ಇಳಿದರೆ ಅದು ಬೇರೆ ಮಾತು. ನಾಲ್ಕು ತಿಂಗಳಲ್ಲಿ ಐದು ಸಲ ಅಳೆದು ಐದೂ ಸಲ ಒಂದೇ ದಿಕ್ಕಿಗೆ ಸರಿದಿದ್ದರೆ ಚಿಕ್ಕ ಇಳಿತಕ್ಕೂ ಬಲ ಬರುತ್ತದೆ.

ಅಂಕದ ಆಚೆ

ಒಂದು ಮಾಪಕ ಸಾಲದು. ಆಘಾತದ ಲಕ್ಷಣಗಳಿಗೆ ಪಿಸಿಎಲ್-5 ಇದೆ: 20 ಪ್ರಶ್ನೆ, ಒಟ್ಟು 80 ಅಂಕ, 10 ಅಂಕದ ಕೆಳಗಿನ ಬದಲಾವಣೆಗೆ ಹೆಚ್ಚು ಮಹತ್ವ ಕೊಡಬೇಡಿ. ದಿನದ ಬದುಕಿಗೆ ವಿಶ್ವ ಆರೋಗ್ಯ ಸಂಸ್ಥೆಯ ಹೂಡಾಸ್ 2.0, ಕಳೆದ 30 ದಿನಗಳ ಬಗ್ಗೆ, 12 ಪ್ರಶ್ನೆಗಳ ಚಿಕ್ಕ ರೂಪವೂ ಇದೆ. ಇವುಗಳಿಗಿಂತ ನಾವು ಹೆಚ್ಚು ನಂಬುವುದು ಎಣಿಸಬಹುದಾದ ಸಂಗತಿಗಳನ್ನು: ತಿಂಗಳಲ್ಲಿ ಎಷ್ಟು ಸಲ ಗಾಯ ಮಾಡಿಕೊಂಡರು, ಎಷ್ಟು ಸಲ ತುರ್ತು ಚಿಕಿತ್ಸೆಗೆ ಹೋದರು, ಎಷ್ಟು ರಾತ್ರಿ ಆಸ್ಪತ್ರೆಯಲ್ಲಿ ಕಳೆದರು, ಎಷ್ಟು ದಿನ ಕೆಲಸಕ್ಕೋ ಕಾಲೇಜಿಗೋ ಹೋದರು.

ಕಾಯಿಲೆಯ ತಿರುಳು ಇರುವುದು ನೆನಪಿನ ತೂತುಗಳಲ್ಲಿ, ಆದ್ದರಿಂದ ಅವನ್ನೇ ನೇರ ಎಣಿಸುವ ದಾರಿ ಹುಡುಕಬೇಕು. ಇವತ್ತು ಅದು ಮೊದಲಿನಷ್ಟು ಕಷ್ಟವಲ್ಲ. ವಾರಕ್ಕೊಮ್ಮೆ, ರೋಗಿಯ ಒಪ್ಪಿಗೆಯಿದ್ದು, ರೋಗಿಯ ಕೈಯಲ್ಲೇ ಫೋನ್ ಇಟ್ಟು, ಆ ವಾರ ತಾನು ಮಾಡಿದ ಕರೆಗಳ ಪಟ್ಟಿ ಮತ್ತು ಯುಪಿಐ ಪಾವತಿಗಳ ಪಟ್ಟಿ ತೆರೆಯುವುದು. ‘ಬುಧವಾರ ಮಧ್ಯಾಹ್ನ ಮೂರೂವರೆಗೆ ಅಂಗಡಿಗೆ 240 ರೂಪಾಯಿ’ ಎಂದಿದ್ದರೆ ಅದು ನೆನಪಿದೆಯೋ ಇಲ್ಲವೋ. ನೆನಪಿಲ್ಲದ್ದಕ್ಕೆ ಒಂದು ಗೀಟು. 20 ನಮೂದುಗಳಲ್ಲಿ ಏಳು ಗೀಟು ಇದ್ದದ್ದು ಆರು ತಿಂಗಳಲ್ಲಿ ಎರಡಕ್ಕೆ ಬಂದರೆ ಅದು ಮಾತಿನಲ್ಲಿ ಹೇಳಿದ ‘ಈಗ ಪರವಾಗಿಲ್ಲ’ಕ್ಕಿಂತ ಗಟ್ಟಿ. ಫೋನನ್ನು ಗಂಡನೋ ಅಣ್ಣನೋ ತೆರೆದು ನೋಡುವ ವ್ಯವಸ್ಥೆ ಮಾತ್ರ ಆಗಬಾರದು. ಅದು ಕಾವಲಾಗುತ್ತದೆ, ಕಾವಲಿನಿಂದ ಕಾಯಿಲೆ ಬೆಳೆಯುತ್ತದೆ.

ಉತ್ತರ ಕೊಡುತ್ತಿರುವುದು ಯಾವ ಸ್ಥಿತಿಯಲ್ಲಿ ಎಂಬುದನ್ನೂ ಬರೆದಿಡಬೇಕು. ಶಾಂತವಾದ, ಮನೆ ನಿಭಾಯಿಸುವ ಗುರುತು ಮುಂದಿರುವಾಗ ತುಂಬಿದ ಅರ್ಜಿಯಲ್ಲಿ ಎಲ್ಲವೂ ಚೆನ್ನಾಗಿರುತ್ತದೆ. ರಾತ್ರಿ ಹೆದರುವ ಗುರುತಿಗೆ ಬೇರೆಯದೇ ಕಥೆ. ‘ನಿಮ್ಮೊಳಗಿನ ಎಲ್ಲರೂ ಉತ್ತರಿಸುತ್ತಿದ್ದಾರೆ ಎಂಬಂತೆ ಹೇಳಿ’ ಎಂದು ಮೊದಲೇ ಕೇಳಿಕೊಳ್ಳುವುದು ಒಂದು ಉಪಾಯ.

ಮನೆಯವರ ವರದಿ ಬೇಕು, ಆದರೆ ಕಣ್ಣುಮುಚ್ಚಿ ಅಲ್ಲ. ಈ ಕಾಯಿಲೆಯ ಹಿಂದೆ ಬಾಲ್ಯದ ದೌರ್ಜನ್ಯ ಎಷ್ಟೋ ಸಲ ಇರುತ್ತದೆ, ದೌರ್ಜನ್ಯ ಮಾಡಿದವರು ಅದೇ ಮನೆಯಲ್ಲಿರುವುದೂ ಉಂಟು. ಅಂಥ ಮನೆಗೆ ರೋಗಿ ಸುಮ್ಮನಾಗುವುದೇ ಗುಣ. ರೋಗಿ 18 ವರ್ಷದೊಳಗಿನವರಾಗಿದ್ದು ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಡಿ ವರದಿ ಮಾಡಲೇಬೇಕು. ಇದನ್ನು ಚಿಕಿತ್ಸೆಯ ಶುರುವಿನಲ್ಲೇ ರೋಗಿಗೆ ತಿಳಿಸಬೇಕು.

ಚಿಕಿತ್ಸಕರೇ ಅಂಕ ಹಾಕುವುದನ್ನು ಆದಷ್ಟು ತಪ್ಪಿಸಿ. ಎರಡು ವರ್ಷ ಬೆವರು ಸುರಿಸಿದವರ ಕಣ್ಣಿಗೆ ಸುಧಾರಣೆ ಕಾಣದೆ ಇರಲಾರದು, ಅದು ಮನುಷ್ಯ ಸಹಜ. ತರಬೇತಿ ಇರುವ ಮನೋರೋಗ ಶುಶ್ರೂಷಕರು ಅಳೆಯಬಹುದು. ಊರಿನ ಆಶಾ ಕಾರ್ಯಕರ್ತೆಯ ಕೈಗೆ ಈ ಕೆಲಸ ಕೊಡುವುದು ಸರಿಯಲ್ಲ: ಅವರ ಸಾಮರ್ಥ್ಯ ಕಡಿಮೆ ಎಂದಲ್ಲ, ಅದೇ ಕೇರಿಯವರ ಮುಂದೆ ರೋಗಿ ಬಾಯಿ ಬಿಡಲಾರರು.

ಮಳೆಗಾಲದ ಅಂಕ

ಅಳತೆಯ ದಿನ ಯಾವುದು ಎಂಬುದೂ ಫಲಿತಾಂಶವನ್ನು ತಿರುಚುತ್ತದೆ. ಸಾಮಾನ್ಯ ಕ್ರಮ: ಶುರುವಿನಲ್ಲಿ, 3, 6, 12, 24ನೆಯ ತಿಂಗಳಲ್ಲಿ. ಆದರೆ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆ 61 ದಿನ ಹಲವು ಮನೆಗಳಲ್ಲಿ ದುಡಿಮೆ ನಿಂತು ಬಸ್ಸಿನ ಖರ್ಚೂ ಭಾರ. ಘಟ್ಟದ ಮೇಲೆ ಕೊಯ್ಲಿನ ಕಾಲದಲ್ಲಿ ಹೆಂಗಸರು ರಾತ್ರಿ ಬಹಳ ಹೊತ್ತು ಅಡಿಕೆ ಸುಲಿಯುತ್ತಾರೆ, ನಿದ್ದೆ ಕಡಿಮೆ. ನಿದ್ದೆಗೆಟ್ಟರೆ ಆರೋಗ್ಯವಂತರಲ್ಲೂ ಡಿಸೋಸಿಯೇಷನ್ ಲಕ್ಷಣ ಏರುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡ ವಿಷಯ. ಶಿರಸಿಯ ರೋಗಿಯನ್ನು ಆಗಸ್ಟಿನಲ್ಲಿ ಮೊದಲು ಅಳೆದು ಡಿಸೆಂಬರಿನಲ್ಲಿ ಮತ್ತೆ ಅಳೆದರೆ ಚಿಕಿತ್ಸೆ ಸೋತಂತೆ ಕಾಣಬಹುದು, ಸೋತದ್ದು ನಿದ್ದೆ. ಒಂದು ವರ್ಷದ ಅಂತರದಲ್ಲಿ ಅದೇ ಕಾಲದಲ್ಲಿ ಅಳೆದದ್ದನ್ನೇ ಮುಖ್ಯ ಹೋಲಿಕೆ ಎಂದು ಇಟ್ಟುಕೊಳ್ಳಿ.

ಬಾರದವರನ್ನು ಓದುವ ರೀತಿಯೂ ಇಲ್ಲಿ ಬೇರೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತು. ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಅಂಥ ಕಾಲದಲ್ಲಿ ತಪ್ಪಿದ ಎರಡು ಭೇಟಿಗಳನ್ನು ‘ರೋಗಿ ಚಿಕಿತ್ಸೆ ಬಿಟ್ಟರು’ ಎಂದು ಬರೆದರೆ ಸುಳ್ಳು ಬರೆದ ಹಾಗೆ. ‘ಬಂದಿಲ್ಲ’ ಎಂಬ ಒಂದೇ ಪದದ ಬದಲು ಕಾರಣ ಬರೆಯಬೇಕು: ದಾರಿ, ದುಡ್ಡು, ಮನೆಯವರ ತಡೆ, ಉಲ್ಬಣ, ಗುಣವಾಯಿತೆಂಬ ಭಾವನೆ. ಈ ಐದರ ಅರ್ಥ ಒಂದಕ್ಕೊಂದು ತದ್ವಿರುದ್ಧ.

ಚಿಕಿತ್ಸೆಗಾಗಿ ಸರದಿ ಕಾಯುವ ಅವಧಿಯನ್ನೂ ಒಂದು ಕೆಲಸಕ್ಕೆ ಹಚ್ಚಬಹುದು. ಚಿಕಿತ್ಸೆ ಶುರುವಾಗುವ ಮುಂಚಿನ ವಾರಗಳಲ್ಲಿ ನಾಲ್ಕೈದು ಸಲ ಅಳೆದಿಟ್ಟರೆ, ಏನೂ ಮಾಡದಿದ್ದಾಗ ಅಂಕ ಹೇಗೆ ಓಲಾಡುತ್ತದೆ ಎಂದು ತಿಳಿಯುತ್ತದೆ. ಆಮೇಲಿನ ಇಳಿತ ಆ ಓಲಾಟವನ್ನು ಮೀರಿದೆಯೇ ಎಂದು ನೋಡಬಹುದು. ರೋಗಿಗಳು ಕಡಿಮೆಯಿರುವ ಕಡೆ, ಒಬ್ಬರನ್ನು ಅವರ ಜೊತೆಗೇ ಹೋಲಿಸುವ ಈ ಕ್ರಮವೇ ಅನುಕೂಲ. ನೆದರ್‌ಲ್ಯಾಂಡ್ಸ್‌ನ ಹುಂಟ್‌ಯೆನ್ಸ್ ತಂಡ ಸ್ಕೀಮಾ ಚಿಕಿತ್ಸೆಯನ್ನು (ಬಾಲ್ಯದಿಂದ ಬೇರೂರಿದ ನಂಬಿಕೆಗಳನ್ನು ತಿದ್ದುವ ಮಾತಿನ ಚಿಕಿತ್ಸೆ) ಡಿಐಡಿ ರೋಗಿಗಳಲ್ಲಿ ಪರೀಕ್ಷಿಸಲು ಆರಿಸಿಕೊಂಡದ್ದೂ ಇದೇ ಬಗೆಯ ವಿನ್ಯಾಸವನ್ನು. ಆತ್ಮಹತ್ಯೆಯ ಅಪಾಯ ಇರುವವರನ್ನು ಮಾತ್ರ ಅಳತೆಗಾಗಿ ಒಂದು ದಿನವೂ ಕಾಯಿಸಬಾರದು. ರಾತ್ರಿ ಹೊತ್ತಿನ ಬಿಕ್ಕಟ್ಟಿಗೆ ಟೆಲಿ-ಮಾನಸ್ 14416 ಇದೆ, 2022ರ ಅಕ್ಟೋಬರಿನಿಂದ. ಅದು ತುರ್ತಿನ ಆಸರೆ. ವರ್ಷಗಳ ಚಿಕಿತ್ಸೆಗೆ ಬದಲಿ ಆಗಲಾರದು.

ದೇವಸ್ಥಾನದಲ್ಲಿ ನೋಟ ಕೇಳಿಸಿ, ಹರಕೆ ಹೊತ್ತು ಜೊತೆಗೆ ಆಸ್ಪತ್ರೆಗೂ ಬರುವವರೇ ಇಲ್ಲಿ ಹೆಚ್ಚು. ಅದನ್ನು ಬಿಡಿಸಲು ಹೋಗುವುದರಿಂದ ರೋಗಿ ಕೈತಪ್ಪುತ್ತಾರೆ. ಯಾವ ತಾರೀಕು ಏನು ಮಾಡಿಸಿದರು ಎಂದು ಮಾತ್ರೆಯ ಪ್ರಮಾಣದ ಪಕ್ಕದಲ್ಲೇ ಬರೆದಿಟ್ಟರೆ, ಅಂಕ ಯಾವಾಗ ಬದಲಾಯಿತು ಎಂಬುದು ಪುಸ್ತಕದಲ್ಲೇ ಕಾಣುತ್ತದೆ. ಹೊಡೆತ, ಹೊಗೆ, ಉಪವಾಸ ಇದ್ದಲ್ಲಿ ಮಾತ್ರ ತಡೆಯಲೇಬೇಕು.

ಏರಿದ ಅಂಕ ಯಾವಾಗ ಒಳ್ಳೆಯದು

ಮೊದಲ ಆರು ತಿಂಗಳಲ್ಲಿ ಡಿಇಎಸ್ ಅಂಕ ಏರುವುದುಂಟು. ಮನೆಯವರು ಹೆದರಿ ಚಿಕಿತ್ಸೆ ಬಿಡಿಸುವುದು ಸಾಮಾನ್ಯವಾಗಿ ಈ ಹಂತದಲ್ಲೇ. ಕಾರಣ ಸರಳ: ಮರೆತದ್ದೇ ಮರೆತುಹೋಗಿರುತ್ತದೆ. ಮಂಗಳವಾರ ಸಂಜೆಯ ಎರಡು ಗಂಟೆ ಎಲ್ಲಿ ಹೋಯಿತು ಎಂದು ಈವರೆಗೆ ಕೇಳಿಕೊಳ್ಳದವರು ಈಗ ಕೇಳಿಕೊಳ್ಳಲು ಕಲಿತಿದ್ದಾರೆ. ತೂತುಗಳು ಹೆಚ್ಚಿಲ್ಲ, ಕಾಣತೊಡಗಿವೆ. ಇದು ನಿಜವಾದ ಉಲ್ಬಣವೋ ಎಂದು ತಿಳಿಯಲು ಪಕ್ಕದ ಅಂಕಣ ನೋಡಬೇಕು. ಡಿಇಎಸ್ ಏರಿದೆ, ಗಾಯಗಳು ಇಳಿದಿವೆ, ಕೆಲಸದ ದಿನ ಹೆಚ್ಚಿವೆ ಎಂದರೆ ಮುಂದುವರಿಯಿರಿ. ಡಿಇಎಸ್ ಏರಿದೆ, ಗಾಯಗಳೂ ಏರಿವೆ, ನಿದ್ದೆ ಹೋಗಿದೆ ಎಂದರೆ ನೆನಪು ಕೆದಕುವುದನ್ನು ಅಲ್ಲೇ ನಿಲ್ಲಿಸಿ ಮೊದಲ ಹಂತಕ್ಕೆ ಮರಳಬೇಕು. ಡಿಇಎಸ್ ಇಳಿದಿದೆ, ಆದರೆ ಮಾತ್ರೆಯ ಪ್ರಮಾಣ ಎರಡು ಪಟ್ಟಾಗಿದೆ, ರೋಗಿ ದಿನಕ್ಕೆ 14 ಗಂಟೆ ಮಲಗುತ್ತಾರೆ ಎಂದರೆ ಆ ಇಳಿತವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಆರು ತಿಂಗಳು ಕಳೆದರೂ ಯಾವ ಅಂಕಣವೂ ಕದಲದಿದ್ದರೆ ಮೊದಲು ರೋಗನಿರ್ಣಯವನ್ನು ಮತ್ತೆ ನೋಡಬೇಕು. ಆಮೇಲೆ ಮನೆಯೊಳಗೆ ದೌರ್ಜನ್ಯ ಇನ್ನೂ ನಡೆಯುತ್ತಿದೆಯೇ ಎಂದು. ನಡೆಯುತ್ತಿದ್ದರೆ ಯಾವ ಚಿಕಿತ್ಸೆಯೂ ಹಿಡಿಯದು. ಆಮೇಲೆ ಚಿಕಿತ್ಸೆ ಸಿಕ್ಕ ಪ್ರಮಾಣ: ಮಾರ್ಗಸೂಚಿ ಕೇಳುವುದು ವಾರಕ್ಕೆ ಕನಿಷ್ಠ ಒಂದು ಸಲ, ವರ್ಷಗಳ ಕಾಲ. ಶಿರಸಿಯಿಂದ ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ತಿಂಗಳಿಗೊಮ್ಮೆ ಹೋದವರಿಗೆ ಆರು ತಿಂಗಳಲ್ಲಿ ಸಿಕ್ಕಿದ್ದು ಆರು ಭೇಟಿ, ಬೇಕಿದ್ದದ್ದು 26. ಇದನ್ನು ಚಿಕಿತ್ಸೆಯ ಸೋಲು ಎನ್ನುವುದು ಕಾಲು ಭಾಗ ಮಾತ್ರೆ ನುಂಗಿ ಮದ್ದನ್ನು ದೂರಿದ ಹಾಗೆ.

ಕೊನೆಗೆ, ಪೂರ್ತಿ ಒಂದಾಗುವುದೇ ಗುರಿಯೇ? ಕ್ಲಫ್ಟ್ 1984ರಲ್ಲಿ 33 ರೋಗಿಗಳ ಚಿಕಿತ್ಸೆಯ ಬಗ್ಗೆ ಬರೆಯುತ್ತ ಅದಕ್ಕೆ ಕಟ್ಟುನಿಟ್ಟಿನ ಮಾನದಂಡ ಇಟ್ಟರು. ನೆನಪು ಎಡೆಬಿಡದೆ ಸಾಗಬೇಕು, ಬೇರೆ ಗುರುತಿನ ಚಿಹ್ನೆ ಹೊರಗೆ ಕಾಣಬಾರದು, ‘ನಾನು ಒಬ್ಬಳೇ’ ಎಂಬ ಭಾವ ಒಳಗೂ ಇರಬೇಕು, ಮರುಪರೀಕ್ಷೆಯಲ್ಲೂ ಬೇರೆ ಗುರುತು ಸಿಗಬಾರದು. ಇವೆಲ್ಲ ಮೂರು ತಿಂಗಳು ಸ್ಥಿರವಾಗಿ ನಿಲ್ಲಬೇಕು. ಅಷ್ಟು ದೂರ ಹೋಗದೆ, ಒಳಗಿನ ಗುರುತುಗಳ ನಡುವೆ ಹೊಂದಾಣಿಕೆ ಮೂಡಿ, ನೆನಪು ಹಂಚಿಕೆಯಾಗಿ, ಅಲ್ಲಿಗೇ ನೆಮ್ಮದಿ ಕಂಡವರೂ ಬಹಳ. ಅದನ್ನು ಅರೆಬರೆ ಎಂದು ಕರೆಯುವ ಹಕ್ಕು ನಮಗಿಲ್ಲ. ಗುರಿ ಯಾವುದೆಂದು ಶುರುವಿನಲ್ಲಿ ರೋಗಿಯೇ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ. ‘ಮಗುವನ್ನು ಶಾಲೆಗೆ ಬಿಟ್ಟದ್ದು ನೆನಪಿರಬೇಕು’ ಎಂದಿದ್ದರೆ ಹನ್ನೆರಡನೆಯ ತಿಂಗಳಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ.

ಈ ದಾಖಲೆ ಆಸ್ಪತ್ರೆಯ ಕಪಾಟಿನಲ್ಲಿ ಉಳಿಯಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ತನ್ನ ವೈದ್ಯಕೀಯ ದಾಖಲೆ ಪಡೆಯುವ ಹಕ್ಕು ಕೊಟ್ಟಿದೆ, ಗೋಪ್ಯತೆಯ ಹಕ್ಕನ್ನೂ. ಕಾರವಾರದಿಂದ ಮಣಿಪಾಲಕ್ಕೋ ಶಿರಸಿಯಿಂದ ಧಾರವಾಡಕ್ಕೋ ಹೋಗುವಾಗ ಮಾತ್ರೆ ಚೀಟಿಯೊಂದನ್ನೇ ಹಿಡಿದು ಹೋಗಬೇಡಿ. ಅಂಕಗಳ ಹಾಳೆ, ಪ್ರಶ್ನೆ ಕೇಳಿದ ಭಾಷೆ, ಕೇಳಿದ ತಿಂಗಳು, ತಪ್ಪಿದ ಭೇಟಿಗಳ ಕಾರಣ, ಇವಿಷ್ಟರ ಪ್ರತಿ ಕೇಳಿ ಪಡೆಯಿರಿ. ಇವು ಕೈಯಲ್ಲಿ ಇಲ್ಲದಿದ್ದರೆ ಹೊಸ ವೈದ್ಯರು ಸೊನ್ನೆಯಿಂದ ಶುರುಮಾಡುತ್ತಾರೆ, ರೋಗಿ ತನ್ನ ಕಥೆಯನ್ನು ಅಪರಿಚಿತರ ಮುಂದೆ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ.